ಭತ್ತ ತಿನ್ನುವ ರೇಡಿಯೋ

ಆಳಂದ

ಪರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ವಿಮಾನದ ಕಿಟಕಿಯಿಂದ ಕಥೆ ಶುರುಮಾಡುತ್ತಾರೆ. ನನಗೆ ಆ ಯೋಗವಿಲ್ಲ. ನಾನು ಹೋದದ್ದು ನೇಪಾಳಕ್ಕೆ, ಅದೂ ರೈಲಿನಲ್ಲಿ. ಗಡಿ ದಾಟಿದ್ದು ನಡೆದುಕೊಂಡು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಡಬ್ಬಿ. ಪಾಸ್‌ಪೋರ್ಟ್ ಕೇಳದ ದೇಶವೂ ದೇಶವೇ ಎಂದು ಮನೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು.

ಆಳಂದದಲ್ಲಿ ‘ಅಗಸಿ’ ಎಂಬ ವಾರಪತ್ರಿಕೆ ನನ್ನದು. ಶುರುಮಾಡಿದವರು ನಮ್ಮಪ್ಪ. ನಮ್ಮ ಕಡೆ ಊರಿನ ಹೆಬ್ಬಾಗಿಲಿಗೆ ಅಗಸಿ ಅನ್ನುತ್ತಾರೆ. ಊರೊಳಗೆ ಬರುವುದೆಲ್ಲ ಆ ಬಾಗಿಲಿನಿಂದಲೇ ಬರಬೇಕು, ಸುದ್ದಿಯೂ ಕೂಡ ಎಂಬುದು ಅಪ್ಪನ ಹಟ. ಆಗ ಮನೆಯ ಪಡಸಾಲೆಯಲ್ಲೇ ಅಚ್ಚಿನ ಯಂತ್ರ. ಅಪ್ಪ ಕಾಲಿನಿಂದ ತುಳಿಯುತ್ತಿದ್ದರೆ ಇಡೀ ಮನೆ ಗಡಗಡ ಎನ್ನುತ್ತಿತ್ತು. ಆ ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಪತ್ರಿಕೆಯ ಕಟ್ಟುಗಳು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದವು. ಅಫಜಲಪುರದ ಬಸ್ಸಿನ ಕಂಡಕ್ಟರ್ ಒಂದು ಕಟ್ಟು ತನ್ನ ಸೀಟಿನ ಕೆಳಗೆ ತುರುಕುತ್ತಿದ್ದ, ಜೇವರ್ಗಿಯ ಕಟ್ಟು ಕಲಬುರಗಿಯಲ್ಲಿ ಬಸ್ ಬದಲಿಸುತ್ತಿತ್ತು. ದಾರಿಯ ಊರುಗಳಲ್ಲಿ ಜನ ಬಸ್ಸಿಗೆ ಕೈಮಾಡುತ್ತಿದ್ದದ್ದು ಹತ್ತುವುದಕ್ಕಲ್ಲ, ಪತ್ರಿಕೆಗೆ. ಇದನ್ನು ಬರೆಯುವಾಗಲೂ ಆ ಕಾಗದದ ಹಸಿ ಮಸಿಯ ವಾಸನೆ ಮೂಗಿಗೆ ಬರುತ್ತದೆ.

ಈಗ ಬೆಳಿಗ್ಗೆ ನಡೆದದ್ದು ಮಧ್ಯಾಹ್ನದೊಳಗೆ ಎಲ್ಲರ ಫೋನಿನಲ್ಲೂ ಇರುತ್ತದೆ. ಶುಕ್ರವಾರದ ತನಕ ಯಾರು ಕಾಯುತ್ತಾರೆ? ‘ಅಗಸಿ’ ಉಸಿರಾಡುತ್ತಿದ್ದದ್ದು ಶುಭಾಶಯಗಳ ಮೇಲೆ. ಮುಖಪುಟದಲ್ಲಿ ನಾಯಕರ ಹುಟ್ಟುಹಬ್ಬ, ಒಳಪುಟದಲ್ಲಿ ಅದೇ ನಾಯಕರಿಗೆ ಅಭಿಮಾನಿಗಳ ಹಾರೈಕೆ, ಹಿಂಬದಿಯಲ್ಲಿ ಶ್ರದ್ಧಾಂಜಲಿ. ನಡುವೆ ಸಂದಿ ಸಿಕ್ಕಲ್ಲಿ ಸುದ್ದಿ. ನನಗೂ ಬೇಸರ ಬಂದಿತ್ತು. ಎಳ್ಳಮಾಸಿ ಹಬ್ಬ ಕಳೆದ ಮೇಲೆ ಒಂದು ಕೊನೆಯ ಸಂಚಿಕೆ ತಂದು, ನಾಲ್ಕು ಮಾತಿನಲ್ಲಿ ವಿದಾಯ ಹೇಳಿ ಪತ್ರಿಕೆ ಮುಚ್ಚುವುದು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಸಣ್ಣ ಪತ್ರಿಕೆಗಳಿಗೆ ಆಸರೆಯಾಗಿರುವ ಒಂದು ಸಂಘದವರು, ನೇಪಾಳದ ಬೆಟ್ಟದೂರೊಂದರಲ್ಲಿ ಜನರೇ ನಡೆಸುವ ರೇಡಿಯೋ ಇದೆ, ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನಿಂದ ಮೂವರು ಹೋಗಿ ನೋಡಿಬನ್ನಿ ಎಂದರು. ಹೇಗೂ ಮುಚ್ಚುವವನು, ಒಂದು ದೇಶ ನೋಡಿಯಾದರೂ ಮುಚ್ಚೋಣ ಎಂದು ಹೊರಟೆ.

ರೈಲಿನಲ್ಲಿ

ಜೊತೆಗಾರರ ಪರಿಚಯ ಮಾಡಿಕೊಡಬೇಕು. ಅಫಜಲಪುರದ ಮಹಬೂಬ ಪಟೇಲರು ನನಗಿಂತ ಸ್ವಲ್ಪ ಚಿಕ್ಕವರು. ಅವರದೂ ನಾಲ್ಕು ಪುಟದ ಪತ್ರಿಕೆ ಇತ್ತು. ಅದನ್ನು ನಿಲ್ಲಿಸಿ ಈಗ ಫೋನಿನಲ್ಲೇ ವಿಡಿಯೋ ಸುದ್ದಿ ಮಾಡುತ್ತಾರೆ. ಭೀಮಾ ನದಿಗೆ ನೀರು ಬಂದರೆ ಜನ ನದಿಯನ್ನು ನೋಡುವ ಮೊದಲು ಮಹಬೂಬಭಾಯ್‌ ಅವರ ವಿಡಿಯೋವನ್ನು ನೋಡುತ್ತಾರೆ. ಹವಳಗಾದ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ತುಂಬಿಕೊಂಡರೆ ಯಾವ ಅಡ್ಡದಾರಿ ಹಿಡಿಯಬೇಕೆಂದು ಅವರೇ ಹೇಳಬೇಕು. ಮನೆಯಲ್ಲಿ ಉರ್ದು, ಬಜಾರಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಇನ್ನೊಬ್ಬಳು ಜೇವರ್ಗಿ ಕಡೆಯ ಭಾಗ್ಯವಂತಿ. ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತು ಹಡೆದ ಮಗಳಾದ್ದರಿಂದ ಆ ಹೆಸರು. ನನ್ನನ್ನು ಕಾಕಾ ಅನ್ನುತ್ತಾಳೆ. ಅವಳ ಬಳಿ ಪತ್ರಿಕೆಯೂ ಇಲ್ಲ, ವಿಡಿಯೋವೂ ಇಲ್ಲ, ಬರೀ ದನಿ. ದಿನಾ ಸಂಜೆ ಸುತ್ತಿನ ಹಳ್ಳಿಗಳ ಸುದ್ದಿಯನ್ನು ಫೋನಿಗೆ ಹೇಳಿ ಕಳಿಸುತ್ತಾಳೆ. ಹೊಲದಿಂದ ಬಂದು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಒಲೆಯ ಪಕ್ಕ ಫೋನಿಟ್ಟುಕೊಂಡು ಕೇಳುತ್ತಾರೆ, ಪುಣೆಗೆ ದುಡಿಯಲು ಹೋದವರು ಅಲ್ಲಿಂದಲೇ ಕೇಳುತ್ತಾರೆ. ಜನ ಮೆಚ್ಚಿದ್ದಾರೆ ನಿಜ, ಆದರೆ ಹೊಟ್ಟೆಪಾಡಿಗೆ ಹೊಲಿಗೆ ಯಂತ್ರ ಬಿಟ್ಟಿಲ್ಲ.

ನಮ್ಮ ಕಡಕ್ ಜೋಳದ ರೊಟ್ಟಿಯ ಕಟ್ಟು ಬಿಚ್ಚಿದಾಗ ಎದುರು ಸೀಟಿನ ಉತ್ತರದ ಸಂಸಾರ ಅದನ್ನು ಹಪ್ಪಳವೆಂದು ತಿಳಿದು ಒಂದೊಂದು ತುಂಡು ಮುರಿದುಕೊಂಡಿತು. ಮೊದಲ ತುತ್ತಿಗೇ ಅವರ ಮುಖಗಳು ಗಂಭೀರವಾದವು. ಹಿಂಡಿ ಹಚ್ಚಿಕೊಂಡ ಮೇಲೆ ಹಿರಿಯ ಮನುಷ್ಯ ಇನ್ನೊಂದು ಕೇಳಿದ, ಅವನ ಹೆಂಡತಿ ಮಾತ್ರ ಗೋರಖಪುರದ ತನಕ ನಮ್ಮನ್ನು ಸಂಶಯದಿಂದಲೇ ನೋಡಿದಳು.

ಮಹಬೂಬಭಾಯ್‌ ಸೂಟ್‌ಕೇಸಿನಲ್ಲಿ ಅರ್ಧಕ್ಕರ್ಧ ಶಾಲುಗಳೇ ಇದ್ದವು. ಕುಂಕುಮ ಬಣ್ಣದವು, ಜರಿ ಅಂಚು.

"ಇಷ್ಟ್ಯಾಕ ತಂದೀರಿ?" ಎಂದೆ.

"ಏ ಶರಣಪ್ಪಣ್ಣಾ, ಮಂದಿ ಊರಿಗಿ ಹೋಗಿ ಸನ್ಮಾನ ಮಾಡದ ಬಂದ್ರ ನಮ್ಮ ತಾಲ್ಲೂಕಿನ ಮರ್ಯಾದಿ ಏನಾಗ್ತದ್ರಿ?" ಎಂದರು. ನಮ್ಮಲ್ಲಿ ಇಬ್ಬರು ಪತ್ರಕರ್ತರು ಒಂದೆಡೆ ಸೇರಿದರೆ ಮೂರನೆಯವನಿಗೆ ಶಾಲು ಹೊದಿಸುವುದು ರೂಢಿ.

ಸೋನೌಲಿ

ಗಡಿಯೆಂದರೆ ಮುಳ್ಳುತಂತಿ, ಬಂದೂಕು ಎಂದೆಲ್ಲ ಅಂದುಕೊಂಡಿದ್ದೆ. ಸೋನೌಲಿಯಲ್ಲಿ ಒಂದು ಕಮಾನು ಇತ್ತು, ಅದರ ಕೆಳಗೆ ಸೈಕಲ್‌ ರಿಕ್ಷಾ, ಕೋಳಿ ಬುಟ್ಟಿ, ಮದುವೆಯ ದಿಬ್ಬಣ ಎಲ್ಲ ಒಟ್ಟಿಗೆ ಹೋಗುತ್ತಿದ್ದವು. ನಮ್ಮ ಗುರುತಿನ ಚೀಟಿಯನ್ನು ನೋಡಿದವನು ನಮ್ಮನ್ನು ನೋಡಲೇ ಇಲ್ಲ. ಆಳಂದದಿಂದ ಮಹಾರಾಷ್ಟ್ರದ ಕಡೆ ಹೋಗುವಾಗ ಇದಕ್ಕಿಂತ ಹೆಚ್ಚು ವಿಚಾರಣೆ ನಡೆಯುತ್ತದೆ.

ಆ ಕಡೆ ಕಾಲಿಟ್ಟ ಕೂಡಲೇ ಚಟ ತಡೆಯಲಾರದೆ ಒಂದು ಪತ್ರಿಕೆ ಕೊಂಡೆ. ನಾಗರಿ ಅಕ್ಷರ, ಹಿಂದಿ ಮರಾಠಿ ಬಲ್ಲವನಿಗೆ ಅಲ್ಲಲ್ಲಿ ಅರ್ಥವಾಗುತ್ತಿತ್ತು. ಮೇಲೆ ಇಸವಿ ನೋಡಿ ಗಾಬರಿಯಾದೆ. ಅವರ ಪಂಚಾಂಗ ನಮ್ಮದಕ್ಕಿಂತ ಅರ್ಧ ಶತಮಾನಕ್ಕೂ ಮುಂದೆ. ಇಷ್ಟು ತಾಜಾ ಪತ್ರಿಕೆಯನ್ನು ನಾನು ಜನ್ಮದಲ್ಲಿ ಓದಿರಲಿಲ್ಲ. ಗಡಿಯಾರವೂ ಕಾಲು ಗಂಟೆ ಮುಂದೆ ಎಂದು ಚಹದಂಗಡಿಯವನು ಹೇಳಿದ. ನಾವು ಹೌದೌದು ಎಂದು ತಲೆಯಾಡಿಸಿ, ತಿದ್ದಿಕೊಳ್ಳುವುದನ್ನು ಮರೆತೆವು.

ತಾನ್ಸೇನ್, ಮೊದಲ ದಿನ

ಬುಟವಲ್ ದಾಟಿದ ಮೇಲೆ ಬಸ್ಸು ಬೆಟ್ಟ ಹತ್ತತೊಡಗಿತು. ನಮ್ಮದು ಕಣ್ಣು ಹಾಯಿಸಿದಷ್ಟು ದೂರ ಎರೆಭೂಮಿ; ತೊಗರಿ, ಜೋಳ, ನಡುವೆ ಒಂದು ಬೇವಿನ ಮರ. ನೆಲ ಎದ್ದು ನಿಲ್ಲುವುದನ್ನು ನೋಡಿ ಅಭ್ಯಾಸವಿಲ್ಲ. ಮಹಬೂಬಭಾಯ್ ಮೊದಮೊದಲು ವಿಡಿಯೋ ಮಾಡುತ್ತಿದ್ದರು, ಆಮೇಲೆ ಕಣ್ಣು ಮುಚ್ಚಿ ಅಲ್ಲಾಹನನ್ನು ನೆನೆಯುತ್ತಿದ್ದರು, ಕೊನೆಗೆ ಭಾಗ್ಯವಂತಿ ಕೊಟ್ಟ ಲಿಂಬೆಹಣ್ಣು ಮೂಸುತ್ತ ಸುಮ್ಮನಾದರು.

ತಾನ್ಸೇನ್ ಎಂಬುದು ಬೆಟ್ಟದ ಬೆನ್ನಿಗೆ ಅಂಟಿಕೊಂಡ ಹಳೆಯ ಊರು. ಕಲ್ಲು ಹಾಸಿದ ಓಣಿಗಳು ಎಷ್ಟು ಕಡಿದೆಂದರೆ ಒಬ್ಬರ ಮನೆಯ ಹೊಸ್ತಿಲು ಇನ್ನೊಬ್ಬರ ಮನೆಯ ಮಾಳಿಗೆಯ ಮಟ್ಟಕ್ಕಿರುತ್ತದೆ. ಊರ ನಡುವೆ ಬಿಳಿ ಬಣ್ಣದ ಒಂದು ದುಂಡನೆಯ ಕಟ್ಟೆಮಂಟಪ. ಬಣ್ಣದ ಟೋಪಿ ಹಾಕಿದ ಮುದುಕರು ಅಲ್ಲಿ ಕೂತಿದ್ದರು. ಒಬ್ಬ ಪತ್ರಿಕೆ ಹಿಡಿದು ಜೋರಾಗಿ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು, ನಡುವೆ ಬಾಯಿ ಹಾಕುತ್ತಿದ್ದರು, ಒಬ್ಬ ಓದುವವನನ್ನೇ ಬೈಯುತ್ತಿದ್ದ.

ನನ್ನ ಕಾಲು ಅಲ್ಲೇ ನಿಂತಿತು. ನಾನು ಸಣ್ಣವನಿದ್ದಾಗ ಆಳಂದದ ಬಜಾರಿನ ಚಹದಂಗಡಿ ಹೀಗೇ ಇತ್ತು. ಒಂದು ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಳ್ಳುತ್ತಿದ್ದರು. ಓದಲು ಬಾರದವರಿಗಾಗಿ ಪಕ್ಕದ ಅಂಗಡಿಯ ದರ್ಜಿ ಕೆಲಸ ಬಿಟ್ಟು ಬಂದು ‘ಅಗಸಿ’ಯನ್ನು ಗಟ್ಟಿಯಾಗಿ ಓದುತ್ತಿದ್ದ, ತನಗೆ ಸೇರದ ಸುದ್ದಿಯನ್ನು ಹಾರಿಸಿಬಿಡುತ್ತಿದ್ದ. ಜಗಳಗಳಾಗುತ್ತಿದ್ದವು. ಅಪ್ಪ ಮೂಲೆಯಲ್ಲಿ ಕೂತು, ಯಾವ ಸುದ್ದಿಗೆ ಯಾರು ಏನೆಂದರು ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಮಾತು ಸರಿಯಾಗಿ ಅರ್ಥವಾಗದ ಆ ಪರದೇಶದ ಕಟ್ಟೆಯ ಎದುರು ನಿಂತು ನನಗೆ ಅಳು ಬರುವಂತಾಯಿತು.

ತಾನ್ಸೇನ್, ಮರುದಿನ

ರೇಡಿಯೋ ಕೇಂದ್ರಕ್ಕೆ ಕಾಲು ಗಂಟೆ ತಡವಾಗಿ ಹೋದೆವು. ನಮ್ಮ ಗಡಿಯಾರದ ಪ್ರಕಾರ ಸರಿಯಾದ ಹೊತ್ತಿಗೇ ಹೋಗಿದ್ದೆವು. ಎರಡು ಕೋಣೆಯ ಮನೆ, ಗೋಡೆಗೆ ಹಳೆಯ ಕಂಬಳಿಗಳನ್ನು ಜಡಿದು ಹೊರಗಿನ ಸದ್ದು ತಡೆದಿದ್ದರು. ನಡೆಸುವವರ ಹೆಸರು ಟೀಕಾರಾಮ್. ಐವತ್ತರ ಆಸುಪಾಸು. ಬಿಳಿ ಅಂಗಿ, ಬಿಳಿ ಪೈಜಾಮ, ಬಿಳಿ ಟೋಪಿ, ಕಾಲಿನ ಬಟ್ಟೆಯ ಬೂಟು ಕೂಡ ಬಿಳಿ.

ಮಹಬೂಬಭಾಯ್ ನನ್ನ ಕಿವಿಯಲ್ಲಿ ಹೇಳಿದರು: "ಮನುಷ್ಯಾ ದೊಡ್ಡ ಲೀಡರ್ ಕಾಣ್ತಾನ್ರಿ. ನಾಳಿ ಎಲೆಕ್ಷನ್‌ಗಿ ನಿಂತರೂ ನಿಂತಾನ."

ನನಗೂ ಹಾಗೇ ಅನ್ನಿಸಿತು. ನಮ್ಮ ತಾಲ್ಲೂಕಿನಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ಉಟ್ಟವನು ಒಂದೋ ಆಗಲೇ ನಾಯಕ, ಇಲ್ಲವೇ ಮುಂದಿನ ಸಲ ಆಗುವವನು. ಇನ್ನು ತಡ ಮಾಡುವುದು ಬೇಡವೆಂದು ನಾವು ನಮ್ಮ ಕಾರ್ಯಕ್ರಮ ಶುರುಮಾಡಿದೆವು. ನಾನು ಬಜಾರಿನಲ್ಲಿ ಕೊಂಡ ಚೆಂಡುಹೂವಿನ ಹಾರ ಹಾಕಿದೆ. ಮಹಬೂಬಭಾಯ್ ಕುಂಕುಮ ಬಣ್ಣದ ಶಾಲು ಹೊದಿಸಿ, ಫೋನನ್ನು ಭಾಗ್ಯವಂತಿಯ ಕೈಗೆ ಕೊಟ್ಟು, ಉರ್ದುವಿನಲ್ಲಿ ನಾಲ್ಕು ಒಳ್ಳೆಯ ಮಾತು ಆಡಿ, ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೋಣೆಯಲ್ಲಿ ಬೇರೆ ಯಾರೂ ತಟ್ಟಲಿಲ್ಲ.

ಟೀಕಾರಾಮ್ ಅಲುಗಾಡದೆ ಕೂತಿದ್ದರು. ಸುದ್ದಿ ಓದುವ ಹೆಣ್ಣುಮಗಳೊಬ್ಬಳು ಬಂದು ಮೆಲ್ಲಗೆ ಹಿಂದಿಯಲ್ಲಿ ವಿಷಯ ತಿಳಿಸಿದಳು. ಅವರ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅಲ್ಲಿ ತಾಯಿ ತಂದೆ ಹೋದರೆ ಮಗನಾದವನು ವರ್ಷವಿಡೀ ಬಿಳಿಯನ್ನೇ ಉಡಬೇಕು. ಹಬ್ಬವಿಲ್ಲ, ಹಾರವಿಲ್ಲ, ಬಣ್ಣವಿಲ್ಲ. ತಾಯಿ ಹೋದದ್ದಕ್ಕೆ ಹಾಲನ್ನೂ ಬಿಟ್ಟಿದ್ದಾರೆ, ಕಪ್ಪು ಚಹ ಕುಡಿಯುತ್ತಾರೆ.

ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಮಹಬೂಬಭಾಯ್ ಎರಡೂ ಕಿವಿ ಹಿಡಿದುಕೊಂಡು, "ಯಾ ಅಲ್ಲಾ, ತಪ್ಪಾತ್ರಿ ಸಾಹೇಬ್ರ, ತಪ್ಪಾತು" ಎಂದು ಕನ್ನಡದಲ್ಲೇ ಹೇಳಿದರು, ಉರ್ದು ಮರೆತೇಹೋಗಿತ್ತು. ಟೀಕಾರಾಮ್ ಹಾರ ತೆಗೆದು ಮೇಜಿನ ಮೇಲಿಟ್ಟರು. ಶಾಲನ್ನು ನಿಧಾನವಾಗಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ನಕ್ಕರು. ಆಮೇಲೆ ಅವರು ಹಿಂದಿಯಲ್ಲಿ ಹೇಳಿದ್ದನ್ನು ಮಹಬೂಬಭಾಯ್ ಭಾಗ್ಯವಂತಿಗಾಗಿ ಕನ್ನಡದಲ್ಲಿ ಹೇಳುತ್ತ ಹೋದರು. ನನ್ನ ನೆನಪಿನಲ್ಲಿ ಟೀಕಾರಾಮ್ ಈಗಲೂ ಅಫಜಲಪುರದ ಕನ್ನಡವನ್ನೇ ಮಾತಾಡುತ್ತಾರೆ.

"ಫಿಕರ್ ಮಾಡಬ್ಯಾಡ್ರಿ ಅನ್ನಾಕತ್ತಾರ. ನಮ್ಮವ್ವ ಇದ್ದಿದ್ರ ಈ ಬಣ್ಣದ ಶಾಲು ತಾನೇ ಕಸಗೊಂತಿದ್ಲು ಅಂತಾರ."

ಪ್ರತಿದಿನ ಬೆಳಿಗ್ಗೆ ಆ ರೇಡಿಯೋ ಮೊದಲು ಓದುವುದು ಸತ್ತವರ ಸುದ್ದಿಯನ್ನು. ಹೆಸರು, ಊರು, ಯಾವ ಹೊಳೆಯ ದಂಡೆಗೆ ಎಷ್ಟು ಹೊತ್ತಿಗೆ ಒಯ್ಯುತ್ತಾರೆ ಎಂಬುದು. ಬೆಟ್ಟದ ಆ ಬದಿಯ ನೆಂಟರು ರೇಡಿಯೋ ಕೇಳಿ ಬುತ್ತಿ ಕಟ್ಟಿಕೊಂಡು ಇಳಿಯಬೇಕು. ತಾಯಿ ಹೋದ ದಿನ ಬೆಳಗಿನ ಪಾಳಿ ಟೀಕಾರಾಮರದೇ. ಬದಲಿಗೆ ಬರಬೇಕಾದವರು ದೂರದ ಊರಿನವರು. ತಾಯಿಯ ಹೆಸರನ್ನು ತಾವೇ ಓದಿದರು, ಬೇರೆಯವರ ಹೆಸರು ಓದುವ ಹಾಗೆಯೇ. ಓದಿ ಮುಗಿಸಿ, ಆ ದಿನ ಬಸ್ಸು ಇಲ್ಲದ ದಾರಿ ಯಾವುದು ಎಂಬುದನ್ನೂ ಹೇಳಿ ಮನೆಗೆ ಹೋದರು.

"ಹೊಳಿ ದಂಡಿಗಿ ಹೋಗಿ ನೋಡಿದ್ರ, ಗುರುತು ಇಲ್ಲದ ಮಂದೀನೂ ಬಂದಿತ್ತಂತ್ರಿ," ಎಂದರು ಮಹಬೂಬಭಾಯ್. "ನಾವ್ ದಿನಾ ನಿಮ್ಮ ದನಿ ಕೇಳ್ತೇವಿ, ಇವತ್ತ ನೀವು ಒಬ್ಬರ ಇರಬಾರದು ಅಂತ ಬಂದೇವಿ ಅಂದ್ರಂತ."

ನನ್ನ ಪತ್ರಿಕೆಯ ಹಿಂಬದಿಯ ಶ್ರದ್ಧಾಂಜಲಿಗಳು ನೆನಪಾದವು. ಬಣ್ಣದ ಫೋಟೋ, ಹೂವಿನ ಚೌಕಟ್ಟು, ಕೆಳಗೆ ಶೋಕಿಸುವ ಗಣ್ಯರ ಹೆಸರುಗಳು. ಅದನ್ನು ನೋಡಿ ಮಣ್ಣು ಮಾಡಲು ಬಂದವರು ಒಬ್ಬರೂ ಇರಲಾರರು. ಅದು ಅಚ್ಚಾಗುವಷ್ಟರಲ್ಲಿ ದಿನಕರ್ಮವೇ ಮುಗಿದಿರುತ್ತದೆ.

ಕೆಳಗಿನ ಹಳ್ಳಿಯ ಕಣ

ಮೂರನೆಯ ದಿನ ಟೀಕಾರಾಮ್ ನಮ್ಮನ್ನು ಕಣಿವೆಯ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋದರು. ಭತ್ತದ ಕೊಯ್ಲು ಮುಗಿದು ಕಣದಲ್ಲಿ ಒಕ್ಕಣೆ ನಡೆದಿತ್ತು. ಬೆಟ್ಟ ಇಳಿಯುವಾಗ ಮೊಣಕಾಲುಗಳು ಎಷ್ಟು ನಡುಗಿದವೆಂದರೆ ಭಾಗ್ಯವಂತಿ ನನ್ನ ಚೀಲ ಕಸಿದುಕೊಂಡಳು. ನಮ್ಮ ಊರಿನಲ್ಲಿ ಇಷ್ಟು ಕಷ್ಟಪಟ್ಟು ನಡೆಯಬೇಕೆಂದರೆ ಅಂಥ ದಾರಿಯನ್ನು ಬೇಕಂತಲೇ ಹುಡುಕಿಕೊಂಡು ಹೋಗಬೇಕು.

ಕಣದಲ್ಲಿ ರೇಡಿಯೋದವರು ಒಂದು ಚೀಲ ಬಿಚ್ಚಿ ಇಟ್ಟಿದ್ದರು. ಒಬ್ಬೊಬ್ಬರೇ ಬಂದು ಅದಕ್ಕೆ ಭತ್ತ ಸುರಿಯುತ್ತಿದ್ದರು. ಕೆಲವರು ಬೊಗಸೆ, ಕೆಲವರು ಮೊರ. ಜಾಹೀರಾತು ಅಷ್ಟಿಷ್ಟು ಬರುತ್ತದೆ, ದುಬೈ ಕತಾರಿಗೆ ದುಡಿಯಲು ಹೋದ ಹುಡುಗರು ಅಲ್ಲಿಂದಲೇ ಫೋನಿನಲ್ಲಿ ಕೇಳಿ ಏನಾದರೂ ಕಳಿಸುತ್ತಾರೆ. ಆದರೆ ವರ್ಷ ದಾಟಿಸುವುದು ಈ ಭತ್ತ ಎಂದರು ಟೀಕಾರಾಮ್. ಭತ್ತ ತಿನ್ನುವ ರೇಡಿಯೋ ಎಂದು ಪಟ್ಟಣದವರು ನಗುತ್ತಾರಂತೆ.

ಒಬ್ಬ ಮುದುಕಿ ಮೊರದ ತುಂಬ ಭತ್ತ ತಂದವಳು, ಸುರಿಯುವ ಬದಲು ಸೊಂಟಕ್ಕೆ ಆನಿಸಿಕೊಂಡು ಬೈಯತೊಡಗಿದಳು. ಮಳೆಗಾಲದಲ್ಲಿ ರೇಡಿಯೋ ಎರಡು ದಿನ ಬಾಯಿ ಮುಚ್ಚಿತ್ತು, ಅದೇ ಹೊತ್ತಿಗೆ ಕೆಳಗಿನ ಸೇತುವೆ ಹೋಗಿ ತನ್ನ ಮೊಮ್ಮಗಳು ಅರ್ಧ ದಾರಿಯಿಂದ ವಾಪಸು ಬಂದಳು, ಆ ಎರಡು ದಿನದ ಭತ್ತವನ್ನು ಯಾಕೆ ಕೊಡಬೇಕು ಎಂಬುದು ಅವಳ ತಕರಾರು ಎಂದು ರೇಡಿಯೋದವರೊಬ್ಬರು ನಮಗೆ ಹಿಂದಿಯಲ್ಲಿ ತಿಳಿಸಿದರು. ಟೀಕಾರಾಮ್ ಕೈಮುಗಿದು, ಸಿಡಿಲು ಬಡಿದು ಯಂತ್ರ ಕೆಟ್ಟಿತ್ತು ಎಂದರು. ಅವಳು ಮೊರದಿಂದ ಎರಡು ಹಿಡಿ ತೆಗೆದು ತನ್ನ ರಾಶಿಗೆ ಹಾಕಿಕೊಂಡು ಉಳಿದದ್ದನ್ನು ಚೀಲಕ್ಕೆ ಸುರಿದಳು.

ಮಹಬೂಬಭಾಯ್ ತೊಡೆ ತಟ್ಟಿ ನಕ್ಕರು. "ಶರಣಪ್ಪಣ್ಣಾ, ಇದು ನಮ್ಮ ಆಯ ಅಲ್ಲೇನ್ರಿ!"

ಹೌದು. ಆಯವನ್ನು ನಾನು ಮರೆತೇಬಿಟ್ಟಿದ್ದೆ. ಮೊದಲು ನಮ್ಮ ಹಳ್ಳಿಗಳಲ್ಲಿ ರಾಶಿಯ, ಅಂದರೆ ಒಕ್ಕಣೆಯ ದಿನ ಬಡಿಗ, ಕಂಬಾರ, ತಳವಾರ ಎಲ್ಲ ಕಣಕ್ಕೆ ಬರುತ್ತಿದ್ದರು. ವರ್ಷವಿಡೀ ಮಾಡಿದ ಕೆಲಸಕ್ಕೆ ಅಲ್ಲೇ ಕಾಳಿನಲ್ಲಿ ಪಾಲು. ಒಮ್ಮೆ ಆಯ ತೆಗೆದುಕೊಂಡನೆಂದರೆ ಮುಂದಿನ ರಾಶಿಯ ತನಕ ಆ ಮನೆಯ ಕುಂಟೆ, ಕುಡಗೋಲು ಅವನ ಜವಾಬ್ದಾರಿ. ನಡುವೆ ಕೈಬಿಡುವಂತಿಲ್ಲ. ಬೆಳದಿಂಗಳಿನಂಥ ಜೋಳದ ರಾಶಿ, ಅದರ ಸುತ್ತ ನಿಂತ ಜನ, ಎಲ್ಲ ಕಣ್ಣ ಮುಂದೆ ಬಂತು.

"ಎಷ್ಟ ಚಂದ ಇತ್ತು ನೋಡು ಆವಾಗ," ಎಂದೆ ಭಾಗ್ಯವಂತಿಗೆ.

"ನಿಮಗ ಚಂದ ಇತ್ತು ಕಾಕಾ," ಎಂದಳು ಅವಳು. "ನಮ್ಮಜ್ಜ ಕಂಬಾರ. ಗೌಡರ ಕಣದಾಗ ಕೈ ಕಟ್ಕೊಂಡು ನಿಲ್ತಿದ್ದ. ಅವರು ಕೊಟ್ಟಷ್ಟ ತಗೊಂಡು ಬರ್ತಿದ್ದ. ನನಗ ಆ ಆಯ ಬ್ಯಾಡ." ಮುದುಕಿಯ ಕಡೆ ಕೈ ತೋರಿಸಿದಳು. "ಆದ್ರ ಇಲ್ಲಿ ಕೊಡಾಕಿನೂ ಬಡವಿ, ತಗೊಳ್ಳವನೂ ಬಡವ. ಬೈಯಾಕತ್ತಾಳ ನೋಡ್ರಿ, ತನ್ನ ಮನಿ ರೇಡಿಯೋ ಅಂತನ ಬೈಯಾಕತ್ತಾಳ. ನಮ್ಮನ್ನ ಹಂಗ ಯಾರರ ಬೈತಾರೇನ್ರಿ?"

ನನ್ನನ್ನು ಯಾರೂ ಬೈದು ಬಹಳ ವರ್ಷಗಳಾಗಿದ್ದವು. ನಾಯಕರ ಹೆಸರಿನ ಹಿಂದೆ ‘ಜನಪ್ರಿಯ’ ಬಿಟ್ಟುಹೋದಾಗ ಅವರ ಕಡೆಯವರು ಬೈದದ್ದೇ ಕೊನೆ.

ಅಫಜಲಪುರ

ವಾಪಸು ಬಂದ ಮೇಲೆ ಮೊದಲು ಇಳಿದದ್ದು ಮಹಬೂಬಭಾಯ್‌ ಮನೆಯಲ್ಲಿ. ಅವರ ಹೆಂಡತಿ ಖಾರಾ ಚುರುಮುರಿ, ಚಹ ಕೊಟ್ಟು, ಉಳಿದ ಶಾಲುಗಳನ್ನು ಎಣಿಸಿ ಗಂಡನ ಮುಖ ನೋಡಿದರು. ಅಲ್ಲೇ ಮಂಚದ ಮೇಲೆ ಕೂತು ಮೂವರೂ ಮಾತಾಡಿದೆವು. ನನ್ನ ಇಬ್ಬರು ಜೊತೆಗಾರರು ದಾರಿಯುದ್ದಕ್ಕೂ ಹೂಡಿದ್ದ ಹೂಟ ಹೊರಬಿತ್ತು. ‘ಅಗಸಿ’ ಮೂರೂ ತಾಲ್ಲೂಕಿನ ಸುದ್ದಿ ಬರೆಯಬೇಕು, ಭಾಗ್ಯವಂತಿ ಅದನ್ನು ಓದಿ ಫೋನುಗಳಿಗೆ ಕಳಿಸಬೇಕು, ತೋರಿಸುವಂಥದ್ದನ್ನು ಮಹಬೂಬಭಾಯ್ ತೋರಿಸಬೇಕು. ಸುದ್ದಿ ಕೇಳುವವರಿಂದಲೇ ರಾಶಿಯ ದಿನ ಕಾಳು ಕೇಳಬೇಕು.

"ಅದು ಬೆಟ್ಟದ ಊರು. ಇಲ್ಲಿ ಯಾರು ಕೊಡ್ತಾರ?" ಎಂದೆ.

"ಕೇಳಿ ನೋಡೇ ಇಲ್ಲಲ್ರಿ ನಾವು," ಎಂದರು ಮಹಬೂಬಭಾಯ್.

ನಾನು ಜಗ್ಗಲಿಲ್ಲ. ಬೆಟ್ಟ ಇಳಿಯುವಾಗ ನಡುಗಿದ ಮೊಣಕಾಲು ಇನ್ನೂ ನೋಯುತ್ತಿತ್ತು, ವಯಸ್ಸೂ ಆಗಿದೆ. ಹೊಸ ಆಟ ಹೂಡುವ ಹುರುಪು ನನ್ನಲ್ಲಿ ಉಳಿದಿರಲಿಲ್ಲ. ಮುಚ್ಚುವುದು ಮುಚ್ಚುವುದೇ ಎಂದೆ. ಮಹಬೂಬಭಾಯ್ ಬೇಸರದಿಂದ ಎದ್ದು ಹೋಗಿ ಎಮ್ಮೆಗೆ ನೀರಿಟ್ಟರು. ಭಾಗ್ಯವಂತಿ ಮಾತ್ರ, "ಆಯ್ತ್ರಿ ಕಾಕಾ. ನಮ್ಮೂರಾಗ ತೊಗರಿ ರಾಶಿ ಆಗೂ ದಿನ ಊಟಕ್ಕರ ಬರ್ರಿ" ಎಂದಳು. ಊಟಕ್ಕೆ ಇಲ್ಲ ಎನ್ನುವುದು ನನ್ನ ಜಾಯಮಾನವಲ್ಲ.

ಜೇವರ್ಗಿ

ಎಳ್ಳಮಾಸಿ ಕಳೆಯಿತು. ಕೊನೆಯ ಸಂಚಿಕೆಯ ಪುಟಗಳನ್ನು ಕಟ್ಟಿ ಕಲಬುರಗಿಯ ಅಚ್ಚಿನ ಮನೆಗೆ ಕಳಿಸಿ, ಕರಡು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಜೇವರ್ಗಿಯ ಬಸ್ಸು ಹತ್ತಿದೆ. ಅಲ್ಲಿಂದ ಭಾಗ್ಯವಂತಿಯ ಊರಿಗೆ ಟಂಟಂ ಆಟೋದಲ್ಲಿ ಹೋದೆ. ಈಗ ಎತ್ತು, ಒಕ್ಕಲು ಎಳೆಯುವ ಕಲ್ಲುಗುಂಡು ಯಾವುದೂ ಇಲ್ಲ. ರಾಶಿಯ ಮಷೀನು ಒಂದು ಕಡೆಯಿಂದ ಒಣಗಿದ ತೊಗರಿ ಗಿಡ ನುಂಗಿ ಇನ್ನೊಂದು ಕಡೆಯಿಂದ ಕಾಳು ಉಗುಳುತ್ತಿತ್ತು. ಹೊಟ್ಟು ಹಾರಿ ಎಲ್ಲರ ಹುಬ್ಬೂ ಬೆಳ್ಳಗಾಗಿತ್ತು.

ಹೊಲ ನೀಲಮ್ಮ ಎಂಬ ಹಿರಿಯ ಹೆಣ್ಣುಮಗಳದು. ಸೀರೆ ಎತ್ತಿ ಕಟ್ಟಿ, ಮೊರ ಹಿಡಿದು ಹೊಟ್ಟು ತೂರುತ್ತಿದ್ದಳು. ಭಾಗ್ಯವಂತಿಯ ಸುದ್ದಿಯನ್ನು ದಿನಾ ಕೇಳುವವಳು. ನನ್ನನ್ನು ತೋರಿಸಿ ಭಾಗ್ಯವಂತಿ, "ಆಯೀ, ಇವರು ಆಳಂದದ ಪೇಪರಿನವರು" ಎಂದಳು.

"ಪೇಪರ್ ಅಂದ್ರ ಏನ್ ಕೆಲಸ ಮಾಡ್ತೀರಿ ಯಪ್ಪಾ?" ಎಂದಳು ನೀಲಮ್ಮ.

"ಸುದ್ದಿ ಬರೀತೇವ್ರಿ."

"ನನ್ಗ ಓದಾಕ ಬರಂಗಿಲ್ಲ. ಓದ್ರಿ, ಕೇಳ್ತೇನಿ."

ಚೀಲದಿಂದ ಕರಡು ತೆಗೆದೆ. ಮುಖಪುಟದಲ್ಲಿ ನಾಯಕರೊಬ್ಬರ ಹುಟ್ಟುಹಬ್ಬ. ಓದಿದೆ. ನೀಲಮ್ಮ ತೂರುತ್ತಲೇ ಇದ್ದಳು. ಒಳಪುಟದ ಹಾರೈಕೆಗಳನ್ನು ಓದುವಾಗ ನನಗೇ ನಾಲಿಗೆ ತೊಡರಿತು. ಅವಳು ಮೊರ ನಿಲ್ಲಿಸಿ ಕೇಳಿದಳು:

"ನಮ್ಮ ಸಾಲಿ ಮಾಸ್ತರ ವರ್ಗ ಆಗಿ ಹೋದ. ಹೊಸಬ ಬಂದೇ ಇಲ್ಲ. ಹುಡುಗ್ರು ಬೇವಿನ ಗಿಡದ ಕೆಳಗ ಆಡಿ ಮನಿಗಿ ಬರ್ತಾವ. ಅದು ಎಲ್ಲೇತ್ರಿ ಇದ್ರಾಗ?"

"ಅದು ಇದ್ರಾಗ ಇಲ್ರಿ," ಎಂದೆ.

"ಬರೀತೀರೇನು?"

ಭಾಗ್ಯವಂತಿ ನನ್ನ ಮುಖ ನೋಡಲಿಲ್ಲ, ಮಷೀನಿನ ಕಡೆ ನೋಡುತ್ತ ನಿಂತಳು. ನನ್ನ ಉತ್ತರಕ್ಕೆ ಕಾಯದೆ ನೀಲಮ್ಮ ಮೊರದ ತುಂಬ ತೊಗರಿ ತುಂಬಿದಳು. ಈ ಹುಡುಗಿ ಅವಳಿಗೆ ಮೊದಲೇ ಎಲ್ಲ ಹೇಳಿದ್ದಳೆಂದು ಆಗ ಗೊತ್ತಾಯಿತು.

"ಹಿಡೀರಿ. ಆಯ ಅಂದ್ರ ನಿಮಗ ಗೊತ್ತದ. ಮುಂದಿನ ರಾಶಿತನ ಬರೀಬೇಕು, ಇಕಿ ಓದಬೇಕು. ನಡುವ ಬಿಟ್ರ ಆಳಂದಕ್ಕ ಬಂದು ಕೇಳ್ತೇನಿ."

ಹೊಸ ತೊಗರಿ, ಕೆಂಪಗೆ ಹೊಳೆಯುತ್ತಿತ್ತು. ಸುಳ್ಳು ಹೇಳಿ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. "ಯವ್ವಾ, ಇದು ಕೊನೀ ಪೇಪರ್ರಿ. ನಾವು ಮುಚ್ಚಾಕತ್ತೇವಿ," ಎಂದೆ.

ಅವಳು ಮೊರವನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ; ಅರ್ಥವಾಗದ್ದನ್ನು ಕೇಳುವವರ ಹಾಗೆ ಕೇಳಿದಳು:

"ಮುಚ್ಚೂದಿದ್ರ ಕಣಕ್ಕ ಯಾಕ ಬಂದ್ರಿ?"

ಊಟಕ್ಕೆ ಎಂದು ಹೇಳಬಹುದಿತ್ತು. ಮೊರ ಭಾರವಾಗಿತ್ತು, ಆದರೂ ಅವಳು ಕೆಳಗಿಳಿಸಲಿಲ್ಲ. ನಾನು ಹೆಗಲ ಮೇಲಿನ ಟವೆಲನ್ನು ಝಾಡಿಸಿ ನೆಲಕ್ಕೆ ಹಾಸಿದೆ. ಅವಳು ಸುರಿದಳು.

ಟವೆಲಿನ ನಾಲ್ಕು ತುದಿ ಸೇರಿಸಿ ಗಂಟು ಹಾಕಿ ಅಚ್ಚಿನ ಮನೆಗೆ ಫೋನ್ ಮಾಡಿದೆ. ಮಷೀನಿನ ಗದ್ದಲಕ್ಕೆ ಒಂದು ಕಿವಿ ಮುಚ್ಚಿಕೊಂಡು ಕೂಗಿ ಮಾತಾಡಬೇಕಾಯಿತು. ಪುಟಗಳು ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ನನ್ನ ವಿದಾಯದ ಮಾತನ್ನು ತೆಗೆಯಿರಿ ಎಂದೆ. ಮುಖಪುಟಕ್ಕೆ ಒಂದು ಸುದ್ದಿ ಇದೆ, ಬರೆದುಕೊಳ್ಳಿ ಎಂದೆ.

"ಮುಖಪುಟದಾಗ ಸಾಹೇಬ್ರ ಹುಟ್ಟುಹಬ್ಬ ಅದಲ್ರೀ ಸರ. ಜಾಗಾ ಎಲ್ಲದ?" ಎಂದ ಆಪರೇಟರ್.

"ಅದನ್ನ ತೆಗೀರಿ."

ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಕಣದಲ್ಲಿ ಕೂತು ನೀಲಮ್ಮನ ಕಡೆ ತಿರುಗಿದೆ.

"ಹೇಳ್ರಿ ಯವ್ವಾ, ಮಾಸ್ತರ ಹೋಗಿ ಎಷ್ಟ ತಿಂಗಳಾತು?"